ಮೈಸೂರಿನಿಂದ ಕೋರಸ್ ಹಾಡಲು ಹೊರಟವರಿಗೆ

ಮಳವಳ್ಳಿ ಕಡೆ ನೀಲಗಾರರು ಮಂಟೇಸ್ವಾಮಿ ಕಥೆ ಹಾಡುವಾಗ ಹಿಮ್ಮೇಳದವರನ್ನು ಗಮನಿಸಿ. ಮುಂದೆ ಹಾಡುವವರು ಸಾಲಿನ ಕೊನೆಯ ಅಕ್ಷರ ಇನ್ನೂ ಬಿಟ್ಟಿರುವುದಿಲ್ಲ, ಅಷ್ಟರಲ್ಲಿ ಇವರು ಸೊಲ್ಲು ಎತ್ತಿಕೊಂಡಿರುತ್ತಾರೆ. ಅರೆಗಳಿಗೆ ಎರಡು ದನಿಯೂ ಒಂದರ ಮೇಲೊಂದು ಕೂರುತ್ತವೆ, ಆಮೇಲೆ ಮುಂದಿನವರು ಉಸಿರೆಳೆದುಕೊಳ್ಳುತ್ತಾರೆ. ಹಾಡು ಎಲ್ಲೂ ಕಡಿಯುವುದಿಲ್ಲ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಗಾಸ್ಪೆಲ್ ಹಾಡುವ ಕ್ರಮವೂ ಇದೇ. ಅಲ್ಲಿಂದ ಅದು ಸೋಲ್ ಸಂಗೀತಕ್ಕೆ ಬಂತು, ಸೋಲ್‌ನಿಂದ ಪಾಪ್‌ಗೆ. ಇವತ್ತು ಬೆಂಗಳೂರಿನ ಸ್ಟುಡಿಯೋದಲ್ಲಿ ಸಂಗೀತ ನಿರ್ದೇಶಕರು ಕೋರಸ್‌ನವರಿಗೆ, ಅಂದರೆ ಮುಖ್ಯ ಗಾಯಕರ (ಲೀಡ್) ಹಿಂದೆ ಹಾಡುವವರಿಗೆ, "ಲೀಡ್ ಮುಗಿಯೋ ಮುಂಚೇನೇ ನೀವು ಎಂಟ್ರಿ ಕೊಡಿ" ಅನ್ನುತ್ತಾರಲ್ಲ, ಅವರು ಕೇಳುತ್ತಿರುವುದು ಈ ಸೊಲ್ಲನ್ನೇ. ನಮ್ಮ ಸುಗಮ ಸಂಗೀತದಲ್ಲೂ ಇದು ಹೊಸದಲ್ಲ, ಪಿ. ಕಾಳಿಂಗರಾಯರ ದನಿಯ ಜೊತೆ ಮೋಹನಕುಮಾರಿ, ಸೋಹನಕುಮಾರಿ ಅವರ ದನಿ ಸೇರಿದಾಗ ಏನಾಗುತ್ತಿತ್ತು ಅನ್ನುವುದನ್ನು ಹಳೆಯ ಧ್ವನಿಮುದ್ರಣಗಳಲ್ಲಿ ಕೇಳಬಹುದು.

ಮೈಸೂರು, ಮಂಡ್ಯದಿಂದ ಕೋರಸ್ ಕೆಲಸಕ್ಕೆ ಹೊರಡುವವರು ಹೆಚ್ಚಾಗಿ ಮೂರು ಕಡೆಯಿಂದ ಬಂದಿರುತ್ತಾರೆ: ಕರ್ನಾಟಕ ಸಂಗೀತದ ಪಾಠ, ಸುಗಮ ಸಂಗೀತ ಮತ್ತು ಆರ್ಕೆಸ್ಟ್ರಾ, ಇಲ್ಲವೇ ಚರ್ಚಿನ ಕ್ವಾಯರ್. ಕ್ವಾಯರ್‌ನವರಿಗೆ ಹಾರ್ಮನಿ (ಒಂದೇ ಹೊತ್ತಿಗೆ ಬೇರೆ ಬೇರೆ ಸ್ವರ ಸೇರಿಸಿ ಹಾಡುವುದು) ಮೊದಲೇ ಗೊತ್ತಿರುತ್ತದೆ, ಮೈಕಿನ ಅಭ್ಯಾಸ ಕಡಿಮೆ. ಆರ್ಕೆಸ್ಟ್ರಾದವರಿಗೆ ಮೈಕು ಗೊತ್ತು, ಆದರೆ ಪ್ರತಿ ಸಾಲನ್ನೂ ತಮ್ಮ ಸಾಲು ಎಂಬಂತೆ ಎತ್ತಿ ಹಾಡುವ ರೂಢಿ ಬಿಡುವುದು ಕಷ್ಟ. ಶಾಸ್ತ್ರೀಯ ಪಾಠ ಆದವರಿಗೆ ಶ್ರುತಿ, ಲಯ ಎರಡೂ ಗಟ್ಟಿ, ಎಡವುವುದು ಗಮಕದಲ್ಲಿ, ಅಂದರೆ ಸ್ವರವನ್ನು ತೂಗಿ, ಜಾರಿಸಿ ಹಾಡುವುದರಲ್ಲಿ. ಈ ಊರಿನಲ್ಲಿ ಅವರೇ ಹೆಚ್ಚು, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಕಲ್ಯಾಣಿಯ ಗಾಂಧಾರವನ್ನು ಒಬ್ಬರೇ ತೂಗಿ ಹಾಡಿದರೆ ರಾಗಕ್ಕೆ ಜೀವ ಬರುತ್ತದೆ. ನಾಲ್ಕು ಜನ ಸೇರಿ ತೂಗಿದರೆ ನಾಲ್ಕು ತೂಗು, ನಾಲ್ಕು ವೇಗ. ಮೈಕಿಗೆ ತಲುಪುವುದು ಬರೀ ಮಸುಕು. ಅದೇ ಸಾಲನ್ನು ಇನ್ನೊಮ್ಮೆ ಹಾಡಿಸಿ ಡಬಲ್ ಮಾಡಿದರೆ ಎಂಟು ತೂಗು. ಪಿಚ್ ಸರಿ ಮಾಡುವ ಸಾಫ್ಟ್‌ವೇರ್‌ಗೆ ಯಾವುದು ನಿಂತ ಸ್ವರ, ಯಾವುದು ತೂಗು ಎಂದು ತಿಳಿಯುವುದಿಲ್ಲ. ಅದು ಎಳೆದು ಸರಿಪಡಿಸಿದಷ್ಟೂ ದನಿ ತಗಡಿನಂತೆ ಆಗುತ್ತದೆ. ಆದ್ದರಿಂದ ಕೋರಸ್‌ನಲ್ಲಿ ಬೋಳು ಸ್ವರ. ಕಂಪನವೂ ಬೇಡ, ಜಾರುವೂ ಬೇಡ. ಸಂಗೀತ ನಿರ್ದೇಶಕರು ಒಂದು ಜಾರು ಬೇಕು ಎಂದರೆ ಎಲ್ಲಿಂದ ಎಲ್ಲಿಗೆ, ಎಷ್ಟನೇ ಬೀಟ್‌ಗೆ ತಲುಪಬೇಕು ಎಂದು ಕೇಳಿ, ಹಾಳೆಯಲ್ಲಿ ಗುರುತು ಹಾಕಿಕೊಂಡು, ನಾಲ್ವರೂ ಹಾಗೇ ಹಾಡಬೇಕು.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಹೇಳಿಕೊಡುವವರು ಕಡಿಮೆ. ತಂಬೂರಿ ಜೊತೆ ಹಾಡಿ ಬೆಳೆದ ಕಿವಿಗೆ ಅಂತರಗಾಂಧಾರ ಇರುವ ಜಾಗವೇ ಬೇರೆ, ಕೀಬೋರ್ಡಿನಲ್ಲಿ ಅದು ಇರುವ ಜಾಗವೇ ಬೇರೆ. ಒಂದು ಸ್ವರಸ್ಥಾನದ ಅಂತರವನ್ನು (ಕೀಬೋರ್ಡಿನ ಒಂದು ಕೀಯಿಂದ ಪಕ್ಕದ ಕೀಗೆ ಇರುವಷ್ಟು) 100 ಭಾಗ ಮಾಡಿದರೆ ಕೀಬೋರ್ಡಿನ ಗಾಂಧಾರ ಷಡ್ಜದಿಂದ 400 ಭಾಗ ಮೇಲಿರುತ್ತದೆ, ತಂಬೂರಿಗೆ ಕೂರುವ ಗಾಂಧಾರ ಸುಮಾರು 386. ಚತುಶ್ರುತಿ ಧೈವತ, ಕಾಕಲಿ ನಿಷಾದಗಳಲ್ಲೂ ಇಂಥದ್ದೇ ವ್ಯತ್ಯಾಸ. ಪಿಯಾನೋ ಪ್ಯಾಡ್ ತುಂಬಿರುವ ಟ್ರ್ಯಾಕ್ ಮೇಲೆ ನೀವು ಶುದ್ಧವಾಗಿ ಹಾಡಿದ ಗಾಂಧಾರ "ಸ್ವಲ್ಪ ಇಳಿದಿದೆ" ಎಂದು ಅಲ್ಲಿನವರಿಗೆ ಕೇಳುತ್ತದೆ. ನಿಮ್ಮ ಕಿವಿ ತಪ್ಪಲ್ಲ, ಅಳತೆಗೋಲು ಬೇರೆ. ವಾರಕ್ಕೆ ಎರಡು ದಿನ ತಂಬೂರಿ ಪಕ್ಕಕ್ಕಿಟ್ಟು ಕೀಬೋರ್ಡ್ ಜೊತೆ ಸಾಧನೆ ಮಾಡಿದರೆ ಎರಡೂ ಜಾಗ ಗಂಟಲಿಗೆ ಗೊತ್ತಾಗುತ್ತದೆ.

ಹಾರ್ಮನಿಗೆ ಪಾಶ್ಚಾತ್ಯ ನೊಟೇಶನ್ ಕಲಿತೇ ಬರಬೇಕೆಂದಿಲ್ಲ, ನಮ್ಮ ಸ್ವರಗಳಲ್ಲೇ ಹಿಡಿಯಬಹುದು. ಶಂಕರಾಭರಣದ ಸ್ವರಗಳಲ್ಲಿ ಸರಳೆ ವರಸೆ ತೆಗೆದುಕೊಳ್ಳಿ. ಒಬ್ಬರು ಸ ರಿ ಗ ಮ ಹಾಡಲಿ, ಇನ್ನೊಬ್ಬರು ಅದೇ ಹೊತ್ತಿಗೆ ಗ ಮ ಪ ದ. ಲೀಡ್ ಸ, ಮ, ಪ ಮೇಲಿದ್ದಾಗ ಮೇಲಿನ ದನಿ ನಾಲ್ಕು ಸ್ವರಸ್ಥಾನ ದೂರ ಇರುತ್ತದೆ; ರಿ, ಗ, ದ, ನಿ ಮೇಲಿದ್ದಾಗ ಮೂರೇ. ಹೊಸಬರು ಮಾಡುವ ತಪ್ಪು ಏನೆಂದರೆ ಮೊದಲ ಸ್ವರಕ್ಕೆ ಹಿಡಿದ ನಾಲ್ಕರ ಅಂತರವನ್ನೇ ಕೊನೇವರೆಗೂ ಕಾಯುವುದು. ಆಗ ರಿ ಮೇಲೆ ಶಂಕರಾಭರಣದಲ್ಲಿ ಇಲ್ಲದ ಪ್ರತಿಮಧ್ಯಮ ಬಂದು ಕೂರುತ್ತದೆ, ಹಾಡೇ ಬೇರೆ ಊರಿಗೆ ಹೋಗುತ್ತದೆ. ಈ ಅಭ್ಯಾಸಕ್ಕೆ ಪಾಠದ ಮಾಯಾಮಾಳವಗೌಳ ಬೇಡ. ಅಲ್ಲಿ ನಿಷಾದದ ಮೇಲೆ ಶುದ್ಧ ರಿಷಭ ಬಂದಾಗ ಮಧ್ಯೆ ಎರಡೇ ಸ್ವರಸ್ಥಾನದ ಅಂತರ, ಎರಡು ದನಿ ಒಂದನ್ನೊಂದು ಉಜ್ಜುತ್ತವೆ.

ಮೋಹನದಂಥ ಐದು ಸ್ವರದ ಧಾಟಿಗಳು ನಮ್ಮ ಸಿನಿಮಾ, ಭಕ್ತಿಗೀತೆಗಳಲ್ಲಿ ಬೇಕಾದಷ್ಟು. ಅಲ್ಲಿ ಮ, ನಿ ಇಲ್ಲ. ರಾಗ ಕೆಡದ ಹಾಗೆ ಮೇಲಿನ ದನಿ ಕಟ್ಟಬೇಕಾದರೆ ಒಂದು ಸ್ವರ ಬಿಟ್ಟು ಮುಂದಿನದನ್ನು ಹಿಡಿಯಿರಿ: ಸ ಮೇಲೆ ಗ, ರಿ ಮೇಲೆ ಪ, ಗ ಮೇಲೆ ದ, ಪ ಮೇಲೆ ತಾರಷಡ್ಜ, ದ ಮೇಲೆ ತಾರರಿಷಭ. ಕೇಳಲು ತುಂಬಾ ತೆರೆದ, ಹಗುರವಾದ ಸದ್ದು. ಕೆಲವು ನಿರ್ದೇಶಕರು ಬೇಕೆಂದೇ ಹಾರ್ಮನಿಯಲ್ಲಿ ಮಧ್ಯಮ ಸೇರಿಸುತ್ತಾರೆ, ಅವರ ಕಾರ್ಡ್‌ಗೆ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ) ಅದು ಬೇಕಿರುತ್ತದೆ. ಅದು ಅವರ ತೀರ್ಮಾನ, ಅಲ್ಲಿ ರಾಗದ ವಾದ ಹೂಡಬೇಡಿ. ಆದರೆ ನಿಮಗೇ "ಏನಾದ್ರೂ ಹಾಕಿ" ಎಂದು ಬಿಟ್ಟಾಗ ಮೊದಲು ರಾಗದೊಳಗಿನ ದನಿಯನ್ನೇ ಕೊಡಿ.

ಈಗ ಪದಗಳು. ಇಂಗ್ಲಿಷ್ ಕೋರಸ್‌ನಲ್ಲಿ ಸಾಲಿನ ಕೊನೆಯ ವ್ಯಂಜನವೇ ದೊಡ್ಡ ತಲೆನೋವು. ನಾಲ್ವರು ಬೇರೆ ಬೇರೆ ಹೊತ್ತಿಗೆ 'ಸ್' ಅಂದರೆ ಹಾವು ಬುಸುಗುಟ್ಟಿದ ಹಾಗಿರುತ್ತದೆ, ಅದಕ್ಕೆ ಒಬ್ಬರು ಮಾತ್ರ ಅಂದು ಉಳಿದವರು ನುಂಗುತ್ತಾರೆ. ಕನ್ನಡದ ಸಾಲು ಸಾಮಾನ್ಯವಾಗಿ ಸ್ವರಾಕ್ಷರದಲ್ಲೇ ಮುಗಿಯುತ್ತದೆ, ಆ ಕಾಟ ಕಡಿಮೆ. ನಮ್ಮ ಕಷ್ಟ ಇರುವುದು ಒತ್ತಕ್ಷರದಲ್ಲಿ. 'ಕಣ್ಣಲ್ಲಿ' ಎಂಬ ಒಂದು ಪದ ತಗೊಳ್ಳಿ. 'ಕ' ಆದಮೇಲೆ ನಾಲಿಗೆ 'ಣ್'ಗೆ ಏರಿ ಕೂರುತ್ತದೆ, ಅಲ್ಲಿ ಸ್ವಲ್ಪ ಹೊತ್ತು ನಿಂತು 'ಣ'ಕ್ಕೆ ಬಿಡುತ್ತದೆ. ಮತ್ತೆ 'ಲ್'ನಲ್ಲಿ ಅದೇ ಆಟ. ಒಬ್ಬರು ಬೇಗ ಮುಚ್ಚಿ ಮೂಗಿನಲ್ಲಿ ಹೆಚ್ಚು ಹೊತ್ತು ನಿಂತರೆ, ಇನ್ನೊಬ್ಬರು 'ಕ'ವನ್ನು ಎಳೆದು ಕೊನೇ ಗಳಿಗೆಯಲ್ಲಿ ಮುಚ್ಚಿದರೆ, ಪಿಚ್ ಎಷ್ಟು ಸರಿಯಿದ್ದರೂ ಸಾಲು ಕೆಸರಾಗಿ ಕೇಳುತ್ತದೆ. 120 ಬಿಪಿಎಂ, ಅಂದರೆ ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟ್ ಎಂದರೆ ಅರ್ಧ ಸೆಕೆಂಡ್. ಅದನ್ನು ನಾಲ್ಕು ಭಾಗ ಮಾಡಿ, ಎಷ್ಟನೇ ಭಾಗಕ್ಕೆ 'ಣ್' ಮುಚ್ಚಬೇಕು, ಎಷ್ಟನೇ ಭಾಗಕ್ಕೆ ತೆರೆಯಬೇಕು ಎಂದು ಮಾತಾಡಿಕೊಳ್ಳಿ. ಒಮ್ಮೆ ಹಾಡದೆ, ಲಯದಲ್ಲಿ ಬರೀ ಮಾತಾಗಿ ನಾಲ್ವರೂ ಹೇಳಿ ನೋಡಿ. ಮಾತಿನಲ್ಲಿ ಕೂಡದಿದ್ದರೆ ಹಾಡಿನಲ್ಲಿ ಖಂಡಿತ ಕೂಡುವುದಿಲ್ಲ.

'ಅ'ಕಾರವೂ ಹಾಗೆಯೇ. ಮಾತಿನಲ್ಲಿ ನಾವು ಅದನ್ನು ಅರ್ಧ ಬಾಯಿ ತೆರೆದು ಹೇಳುತ್ತೇವೆ, ಸ್ವರ ಎಳೆದಾಗ ಕೆಲವರದು 'ಆ' ಕಡೆ ತೆರೆದುಕೊಳ್ಳುತ್ತದೆ, ಕೆಲವರದು ಮುಚ್ಚಿಯೇ ಇರುತ್ತದೆ. ಬಾಯಿಯ ಆಕಾರ ಬೇರೆಯಾದರೆ ದನಿಯ ಬಣ್ಣ ಬೇರೆ, ದನಿಗಳು ಒಂದಾಗುವುದಿಲ್ಲ. ಎದುರುಬದುರು ನಿಂತು ಬಾಯಿ ನೋಡಿಕೊಂಡು ಹಾಡುವುದೇ ಮದ್ದು. ಮಂಡ್ಯ ಕಡೆಯ ಮಾತಿನ ಹಾಡಾದರೆ ಇನ್ನೂ ಎಚ್ಚರ: ಲೀಡ್ 'ಓಗು', 'ಆಲು' ಎಂದಿದ್ದಾಗ ಕೋರಸ್‌ನಲ್ಲಿ ಒಬ್ಬರು ಪುಸ್ತಕದ 'ಹೋಗು', 'ಹಾಲು' ಅಂದುಬಿಟ್ಟರೆ ಆ ಹಕಾರದ ಉಸಿರು ಎದ್ದು ಕೇಳುತ್ತದೆ.

ಉಸಿರಿಗೆ ಎರಡು ಕ್ರಮ. ಸಾಲು ಶುರುವಾಗುವ ಮುಂಚೆ ಎಲ್ಲರೂ ಒಟ್ಟಿಗೆ ಎಳೆದುಕೊಳ್ಳಬೇಕು, ಆ ಉಸಿರೇ ಎಂಟ್ರಿಯ ತಾಳ. ಎಂಟು ಬಾರ್‌ನ (ಬಾರ್ ಎಂದರೆ ಬೀಟ್‌ಗಳ ಒಂದು ಸುತ್ತು) ಉದ್ದದ 'ಊ' ಬಂದರೆ ಸರದಿ ಮಾಡಿಕೊಳ್ಳಿ: ಒಬ್ಬರು ಎರಡನೇ ಬಾರ್ ಮಧ್ಯೆ, ಇನ್ನೊಬ್ಬರು ಮೂರನೆಯದರಲ್ಲಿ. ಬಾರ್ ಗೆರೆಯ ಮೇಲೆ ಯಾರೂ ಬಿಡಬಾರದು, ಎಲ್ಲರ ಕಿವಿಯೂ ಅಲ್ಲೇ ಇರುತ್ತದೆ. ಬಿಟ್ಟವರು ವಾಪಸ್ ಸೇರುವಾಗ ಮೆಲ್ಲಗೆ ಸೇರಬೇಕು. 'ಊ' ಸಾಮಾನ್ಯವಾಗಿ ಕೆಳಗೆ ಜಾರುವ ಸ್ವರ. ತುಟಿ ತೀರಾ ಚೂಪು ಮಾಡದೆ ಒಳಗೆ ಸ್ವಲ್ಪ 'ಆ' ಇಟ್ಟುಕೊಂಡರೆ ನಿಲ್ಲುತ್ತದೆ.

ಮೈಕಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಬ್ಬರೇ ಹಾಡುವಾಗ ಲೀಡ್‌ಗೆ ಒಂದು ಗೇಣು ದೂರ ಸಾಕು, ಕೋರಸ್‌ಗೆ ಎರಡು ಗೇಣು. ಹತ್ತಿರ ನಿಂತಷ್ಟೂ ಕೆಳಗಿನ ಸದ್ದು ದಪ್ಪವಾಗುತ್ತದೆ, ಹನ್ನೆರಡು ಟ್ರ್ಯಾಕ್ ಪೇರಿಸಿದಾಗ ಆ ದಪ್ಪವೆಲ್ಲ ಸೇರಿ ಗೊಗ್ಗರಾಗುತ್ತದೆ. ನಾಲ್ವರು ಒಂದೇ ಮೈಕಿಗಾದರೆ ಅದರ ಮುಂಭಾಗಕ್ಕೆ ಅರ್ಧಚಂದ್ರಾಕಾರವಾಗಿ, ಎರಡರಿಂದ ಮೂರು ಅಡಿ ದೂರ. ಯಾರ ದನಿ ಎದ್ದು ಕೇಳುತ್ತದೋ ಅವರು ಒಂದು ಹೆಜ್ಜೆ ಹಿಂದೆ. "ನೀವು ಹಿಂದೆ ಬನ್ನಿ ಮೇಡಂ" ಎಂದರೆ ಬೇಜಾರಾಗಬೇಡಿ, ಅದು ದನಿಯ ತಾಕತ್ತಿನ ಲೆಕ್ಕ ಅಷ್ಟೇ. ಪಕ್ಕದವರ ದನಿ ಕೇಳಲು ಹೆಡ್‌ಫೋನ್‌ನ ಒಂದು ಕಿವಿ ತೆಗೆಯುವುದು ಒಳ್ಳೆಯ ರೂಢಿ, ಆದರೆ ತೆಗೆದದ್ದನ್ನು ಗಾಳಿಗೆ ಬಿಡದೆ ತಲೆಗೆ ಒತ್ತಿ ಇಟ್ಟುಕೊಳ್ಳಿ. ಇಲ್ಲವಾದರೆ ಅದರಲ್ಲಿ ಲಯ ಕೊಡುವ ಕ್ಲಿಕ್ಕಿನ ಟಕ್ ಟಕ್ ಮೈಕಿಗೆ ಸೋರಿ, ಮೆಲುವಾದ ಹಮ್ಮಿಂಗ್‌ನ ಹಿಂದೆ ಕೊನೆಗೂ ತೆಗೆಯಲಾಗದಂತೆ ಉಳಿಯುತ್ತದೆ. ಹೆಡ್‌ಫೋನ್ ತೀರಾ ಜೋರಿದ್ದರೂ ಶ್ರುತಿ ಇಳಿಯುತ್ತದೆ. ಟ್ರ್ಯಾಕ್ ಕಡಿಮೆ ಮಾಡಿ ನನ್ನ ದನಿ ಸ್ವಲ್ಪ ಕೊಡಿ ಎಂದು ಎಂಜಿನಿಯರ್‌ಗೆ ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನೊಂದು ಎಡವಟ್ಟು ನಮ್ಮ ಕೆಲಸದ ಕ್ರಮದಿಂದಲೇ ಬರುತ್ತದೆ. ಎಷ್ಟೋ ಸಲ ಲೀಡ್ ಹಾಡುವವರು ಬರುವ ಮುಂಚೆಯೇ, ಟ್ರ್ಯಾಕ್ ಹಾಡಿದವರ, ಅಂದರೆ ಮಾದರಿಗೆಂದು ಹಾಡಿಟ್ಟವರ ದನಿ ಕೇಳಿಕೊಂಡು ಕೋರಸ್ ಮುಗಿದಿರುತ್ತದೆ. ಆಮೇಲೆ ಬಂದ ಲೀಡ್ ಚರಣದ ಕೊನೆಯಲ್ಲಿ ಒಂದು ಪದವನ್ನು ಎಳೆದು ಹಾಡಿದರೆ ನಿಮ್ಮ ಸಾಲು ಅವರ ಮೇಲೆ ಬಿದ್ದಂತೆ ಕೇಳುತ್ತದೆ. "ಲೀಡ್ ಫೈನಲ್ ಆಗಿದೆಯಾ ಸರ್?" ಎಂದು ಮೊದಲೇ ಕೇಳಿ. ಆಗಿಲ್ಲವಾದರೆ ಲೀಡ್ ಜೊತೆಜೊತೆಗೆ ಪದ ಹಾಡುವ ಕಡೆ ನಾಲ್ಕೈದು ಟೇಕ್ ಹೆಚ್ಚು ಕೊಡಿ, ಎಳೆದದ್ದೊಂದು, ಮೊಟಕಾದದ್ದೊಂದು.

ಬೆಂಗಳೂರಿಗೆ ಪ್ರತಿ ಸಲ ಹೋಗಬೇಕಾಗಿಲ್ಲ, ಈಗ ಅರ್ಧ ಕೆಲಸ ಮನೆಯಿಂದಲೇ. ಹೋಗಬೇಕಾದರೆ ರೈಲೇ ವಾಸಿ, ದನಿ ಬಳಲುವುದಿಲ್ಲ. ಬೈಕ್ ಎಂದುಕೊಂಡವರಿಗೆ, ಎಕ್ಸ್‌ಪ್ರೆಸ್‌ವೇ ಮುಖ್ಯರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಬಟ್ಟೆ ತುಂಬಿದ ಬೀರು ಇರುವ ಚಿಕ್ಕ ಕೋಣೆ ಸಾಕು. ಬೀರುವಿನ ಬಾಗಿಲು ತೆರೆದು, ಅದಕ್ಕೆ ಬೆನ್ನು ಕೊಟ್ಟು ನಿಂತು ಹಾಡಿ: ಮೈಕು ನಿಮ್ಮ ಕಡೆ ನೋಡುತ್ತಿರುತ್ತದೆ, ನಿಮ್ಮ ಹಿಂದಿನಿಂದ ಬರುವ ಪ್ರತಿಧ್ವನಿಯನ್ನೇ ಅದು ಹೆಚ್ಚು ಹಿಡಿಯುವುದು. ಫ್ಯಾನ್ ಬಂದ್, ಫ್ರಿಜ್ ಬಂದ್. 'ಗುಂಯ್' ಎನ್ನುವ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ನಿಂತರೆ ಅದು ಅರ್ಥಿಂಗ್ ದೋಷ.

ಫೈಲ್‌ಗಳಲ್ಲಿ ಆಗುವ ಅನಾಹುತಗಳೇ ಹೆಚ್ಚು. ಸಿನಿಮಾ ಕೆಲಸ ಸಾಮಾನ್ಯವಾಗಿ 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆದಿಡುತ್ತಾರೆ ಎಂಬ ಲೆಕ್ಕ), 24 ಬಿಟ್‌ನಲ್ಲಿ ನಡೆಯುತ್ತದೆ, ಆಡಿಯೋ ಆಲ್ಬಂ 44.1 ಇರಬಹುದು. ಒಂದನ್ನು ಇನ್ನೊಂದು ಎಂದು ತಪ್ಪಾಗಿ ಓದಿಸಿದರೆ ಹಾಡು ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ ಅಥವಾ ಇಳಿಯುತ್ತದೆ, ವೇಗವೂ ಬದಲಾಗುತ್ತದೆ. "ಟ್ರ್ಯಾಕ್ ಶ್ರುತಿ ಯಾಕೋ ವಿಚಿತ್ರವಾಗಿದೆ" ಎನಿಸಿದರೆ ಮೊದಲು ಇದನ್ನು ನೋಡಿ. ಎಂಪಿ3ಯಲ್ಲಿ ಬಂದ ಟ್ರ್ಯಾಕಿನ ಶುರುವಿನಲ್ಲಿ ಕೆಲವು ಮಿಲಿಸೆಕೆಂಡ್ ಖಾಲಿ ಸೇರಿಕೊಂಡಿರುತ್ತದೆ, ಅದರ ಮೇಲೆ ಹಾಡಿದ್ದೆಲ್ಲ ಅಷ್ಟು ತಡ. ಹಾಗಾಗಿ ವೇವ್ ಫೈಲನ್ನೇ ಕೇಳಿ. ಹಾಡುವಾಗ ಅತಿ ಜೋರಿನ ಕಡೆಯೂ ಮೀಟರ್ ಮೈನಸ್ 6 ಡೆಸಿಬಲ್ ದಾಟದಿರಲಿ. ಕಳಿಸುವಾಗ ಪ್ರತಿ ಫೈಲೂ ಹಾಡಿನ ಸೊನ್ನೆಯಿಂದ ಶುರುವಾಗಬೇಕು, ನೀವು ಮೂರನೇ ನಿಮಿಷದಲ್ಲಿ ಎರಡೇ ಸಾಲು ಹಾಡಿದ್ದರೂ ಸರಿ. ಮೋನೋ (ಒಂದೇ ಚಾನೆಲ್), ರಿವರ್ಬ್ (ಸೇರಿಸಿದ ಪ್ರತಿಧ್ವನಿ) ಇಲ್ಲದೆ, ಪಿಚ್ ತಿದ್ದದೆ. ವಾಟ್ಸಾಪ್‌ನಲ್ಲಿ ಹಾಕಲೇಬೇಕಾದರೆ ಡಾಕ್ಯುಮೆಂಟ್ ಆಗಿ ಹಾಕಿ. ಫೈಲಿನ ಹೆಸರಲ್ಲಿ ಹಾಡು, ಯಾವ ದನಿ, ಎಷ್ಟನೇ ಡಬಲ್, ನಿಮ್ಮ ಹೆಸರು ಎಲ್ಲ ಇರಲಿ. ಮೂರು ದನಿಯ ಹಾರ್ಮನಿಗೆ ಪ್ರತಿಯೊಂದೂ ನಾಲ್ಕು ಸಲ ಎಂದರೆ ಹನ್ನೆರಡು ಫೈಲ್. ಹೆಸರಿಲ್ಲದ ಹನ್ನೆರಡು ಫೈಲ್ ಬಂದರೆ ಎಂಜಿನಿಯರ್ ಮುಂದಿನ ಸಲ ಬೇರೆಯವರನ್ನು ಕರೆಯುತ್ತಾರೆ. ಹಾಡುವ ಸರದಿ: ಮೊದಲು ಮಧ್ಯದ ದನಿ, ಗಂಟಲು ಬಿಸಿಯಾದ ಮೇಲೆ ಮೇಲಿನದು, ದಣಿದ ಮೇಲೆ ಕೆಳಗಿನದು.

ಹನ್ನೆರಡು ಫೈಲ್ ಎಂದಾಗ ದುಡ್ಡಿನ ಮಾತೂ ಬರುತ್ತದೆ. ಒಬ್ಬರೇ ಹನ್ನೆರಡು ಸಲ ಹಾಡಿದರೆ ಅದು ಒಂದು ಹಾಡಿನ ಕೆಲಸವೋ, ಒಂದು ಇಡೀ ಮೇಳದ ಕೆಲಸವೋ? ಅಮೆರಿಕದ ಗಾಯಕರ ಯೂನಿಯನ್ ಒಪ್ಪಂದಗಳಲ್ಲಿ ಹೀಗೆ ಮೇಲೆ ಮೇಲೆ ಪೇರಿಸಿ ಹಾಡಿದ್ದಕ್ಕೆ ಬೇರೆ ಲೆಕ್ಕ ಇದೆ. ನಮ್ಮಲ್ಲಿ ಬಾಯಿಮಾತು. ಒಪ್ಪಿಕೊಳ್ಳುವ ಮುಂಚೆಯೇ ಎಷ್ಟು ದನಿ, ಎಷ್ಟು ಡಬಲ್, ತಿದ್ದುಪಡಿ ಎಷ್ಟು ಸಲ ಎಂದು ಕೇಳಿ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಟ್ರ್ಯಾಕ್ ಹಾಡುವವರು ಇನ್ನೊಂದು ಮಾತು ಸೇರಿಸಿ: ನನ್ನ ದನಿಯನ್ನೇ ಫೈನಲ್‌ನಲ್ಲಿ ಉಳಿಸಿಕೊಂಡರೆ ಆಗ ಏನು? ವೃತ್ತಿಪರ ಶುಲ್ಕದಲ್ಲಿ ಮಿತಿ ದಾಟಿದರೆ ಶೇ. 10 ಟಿಡಿಎಸ್ ಹಿಡಿಯುತ್ತಾರೆ, ಪ್ಯಾನ್ ಕೊಡದಿದ್ದರೆ ಶೇ. 20. ರಿಟರ್ನ್ ಹಾಕಿದರೆ ನಿಮ್ಮ ತೆರಿಗೆಗಿಂತ ಹೆಚ್ಚಾದದ್ದು ವಾಪಸ್ ಬರುತ್ತದೆ. ಎಷ್ಟೋ ಜನ ಇದನ್ನು ಬಿಟ್ಟೇಬಿಡುತ್ತಾರೆ, ಅದು ನಿಮ್ಮದೇ ದುಡ್ಡು.

ದುಡ್ಡಿಗಿಂತ ನನಗೆ ಹೆಚ್ಚು ಸಂಕಟ ಆಗುವುದು ಹೆಸರಿನ ವಿಷಯದಲ್ಲಿ. 1962ರಲ್ಲಿ ಡಾರ್ಲೀನ್ ಲವ್ ಹಾಡಿದ ಹಾಡೊಂದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಡಿಸ್ಕ್ ಮೇಲೆ ಇದ್ದ ಹೆಸರು ಕ್ರಿಸ್ಟಲ್ಸ್ ತಂಡದ್ದು. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಲ್ಲಿ ಮತ್ತೆ ಮತ್ತೆ ಕೇಳುವ ಆ ಮೃದುವಾದ ಹಿಮ್ಮೇಳ ಆ್ಯಂಡಾಂಟ್ಸ್ ಎಂಬ ಮೂವರು ಹೆಣ್ಣುಮಕ್ಕಳದ್ದು: ಜಾಕಿ ಹಿಕ್ಸ್, ಮಾರ್ಲೀನ್ ಬ್ಯಾರೋ, ಲೂವೇನ್ ಡೆಂಪ್ಸ್. ಎಷ್ಟೋ ಡಿಸ್ಕ್‌ಗಳ ಮೇಲೆ ಅವರ ಹೆಸರಿಲ್ಲ. ಮಾರ್ತಾ ವಾಶ್ ಹಾಡಿದ 1990ರ ಡ್ಯಾನ್ಸ್ ಹಾಡಿನ ವಿಡಿಯೋದಲ್ಲಿ ಬೇರೊಬ್ಬರು ತುಟಿ ಆಡಿಸಿದರು. ಮಾರ್ತಾ ಕೋರ್ಟಿಗೆ ಹೋಗಿ ತಮ್ಮ ಹೆಸರು ಹಾಕಿಸಿಕೊಂಡರು. 1973ರಲ್ಲಿ ಕ್ಲೇರ್ ಟಾರಿ ಲಂಡನ್ನಿನಲ್ಲಿ ಪಿಂಕ್ ಫ್ಲಾಯ್ಡ್ ತಂಡಕ್ಕೆ ಪದವಿಲ್ಲದ ಒಂದು ಆಲಾಪ ಹಾಡಿಕೊಟ್ಟರು, ಸಿಕ್ಕಿದ್ದು 30 ಪೌಂಡ್. ಆ ಧಾಟಿ ಅಲ್ಲೇ, ಮೈಕಿನ ಮುಂದೆ, ಅವರ ಗಂಟಲಲ್ಲೇ ಹುಟ್ಟಿದ್ದು. 2004ರಲ್ಲಿ ದಾವೆ ಹೂಡಿದರು, 2005ರಲ್ಲಿ ರಾಜಿಯಾಗಿ, ಆಮೇಲೆ ಸಂಯೋಜಕರ ಸಾಲಿನಲ್ಲಿ ಅವರ ಹೆಸರೂ ಸೇರಿತು. ಸ್ಟುಡಿಯೋದಲ್ಲಿ "ಏನಾದ್ರೂ ಒಂದು ಹಮ್ಮಿಂಗ್ ಹಾಕಿ ಮೇಡಂ" ಅಂದಾಗ ನೀವು ಕೊಡುವುದೂ ಇಂಥದ್ದೇ ಆಗಿರಬಹುದು. ಅದು ನೀವು ಕಟ್ಟಿದ ಧಾಟಿ ಎಂದು ಅದೇ ದಿನ ಬರವಣಿಗೆಯಲ್ಲಿ ಇರಲಿ.

ನಮ್ಮ ಕಾನೂನಿನಲ್ಲಿ ಹೆಸರಿಗೆ ಇನ್ನೂ ದೊಡ್ಡ ಬೆಲೆ ಇದೆ. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯ 38ಎ ಕಲಂ ಪ್ರಕಾರ ಹಾಡಿದವರಿಗೆ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿಯ ಹಕ್ಕಿದೆ, ಆ ಹಕ್ಕು 50 ವರ್ಷ ಇರುತ್ತದೆ. ಆದರೆ ಅದೇ ಕಾಯ್ದೆಯಲ್ಲಿ 'ಪ್ರದರ್ಶಕ' ಎಂದರೆ ಯಾರು ಎನ್ನುವ ಕಡೆ ಒಂದು ಷರತ್ತು ಸೇರಿಸಿದ್ದಾರೆ: ಸಿನಿಮಾದಲ್ಲಿ ಯಾರ ಕೆಲಸ ಪ್ರಾಸಂಗಿಕವಾದದ್ದೋ, ಮತ್ತು ಉದ್ಯಮದ ರೂಢಿಯಂತೆ ಯಾರ ಹೆಸರು ಟೈಟಲ್ ಕಾರ್ಡೂ ಸೇರಿ ಎಲ್ಲೂ ಬರುವುದಿಲ್ಲವೋ, ಅವರನ್ನು ಪ್ರದರ್ಶಕರೆಂದು ಪರಿಗಣಿಸುವುದಿಲ್ಲ. ಅವರ ಕೆಲಸವನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕೊಂದು ಮಾತ್ರ ಉಳಿಯುತ್ತದೆ. ಕೋರಸ್‌ನವರ ಮೇಲೆ ನೇರವಾಗಿ ಬೀಳಬಹುದಾದ ಷರತ್ತು ಇದು. 'ಕೋರಸ್' ಎಂದು ಬರೆದು ಕೆಳಗೆ ನಾಲ್ಕು ಹೆಸರು ಹಾಕಿಸಿಕೊಳ್ಳುವುದು ಮನಸ್ಸಿನ ಸಮಾಧಾನಕ್ಕೆ ಅಲ್ಲ, ನಾಳೆ ಹಕ್ಕು ಕೇಳಲು ಅದೇ ಆಧಾರ. ರಾಯಲ್ಟಿ ವಸೂಲಿಗೆ 2013ರಲ್ಲಿ ಇಸ್ರಾ ಎಂಬ ಹೆಸರಿನಲ್ಲಿ ಹುಟ್ಟಿದ, ಈಗ ಇಸಾಮ್ರಾ (ISAMRA) ಎನ್ನುವ ಗಾಯಕರ ಸಂಸ್ಥೆ ಇದೆ. ಸದಸ್ಯತ್ವಕ್ಕೆ ಮುಂಚೆ ನಿಮ್ಮ ಹೆಸರು ಇರುವ ಹಾಡುಗಳ ಪಟ್ಟಿ ಮಾಡಿಟ್ಟುಕೊಳ್ಳಿ. ಈಚೆಗೆ ಬರುವ ಒಪ್ಪಂದಗಳಲ್ಲಿ ದನಿಯನ್ನು ಎಐ ತರಬೇತಿಗೆ, ನಕಲಿ ದನಿಗೆ ಬಳಸುವಂತಿಲ್ಲ ಎಂಬ ಒಂದು ಸಾಲನ್ನೂ ಕೇಳಿ ಸೇರಿಸಿಸಿ. 2024ರಲ್ಲಿ ಬಾಂಬೆ ಹೈಕೋರ್ಟ್ ಅರಿಜಿತ್ ಸಿಂಗ್ ಅವರ ದನಿಗೆ ಇಂಥ ರಕ್ಷಣೆ ಕೊಟ್ಟಿತು, ಆದರೆ ಅದು ದೇಶಕ್ಕೇ ಗೊತ್ತಿರುವ ದನಿ. ಕೋರಸ್ ದನಿಗೆ ಕಾಗದವೇ ದಿಕ್ಕು.

ಲೀಡ್ ಸಿಗುವವರೆಗೆ ಇದನ್ನು ಮಾಡುತ್ತೇನೆ ಎಂದು ಬರುವವರಿದ್ದಾರೆ. ಅಮೆರಿಕದ ಲೂಥರ್ ವಾಂಡ್ರಾಸ್ 1970ರ ದಶಕದಲ್ಲಿ ರಾಕ್ ಗಾಯಕ ಡೇವಿಡ್ ಬೋವಿಯಂಥವರ ಹಿಂದೆ ಹಾಡಿ, 1981ರಲ್ಲಿ ತಮ್ಮ ಆಲ್ಬಂನಿಂದ ದೊಡ್ಡವರಾದರು. ಲೀಸಾ ಫಿಶರ್ ಅವರಿಗೆ 1992ರಲ್ಲೇ ಲೀಡ್ ಹಾಡಿಗೆ ಗ್ರ್ಯಾಮಿ ಬಂತು, ಆದರೂ 1989ರಿಂದ 2015ರವರೆಗೆ ರೋಲಿಂಗ್ ಸ್ಟೋನ್ಸ್ ರಾಕ್ ತಂಡದ ಪ್ರವಾಸಗಳಲ್ಲಿ ಹಿಮ್ಮೇಳಕ್ಕೇ ನಿಂತರು. ಎರಡೂ ಗೌರವದ ದಾರಿ. ಕೋರಸ್ ಮೈಕಿನ ಮುಂದೆ ನಿಂತು ಮನಸ್ಸಿನಲ್ಲಿ ಲೀಡ್ ಹಾಡುತ್ತಿದ್ದರೆ ಮಾತ್ರ ಅದು ಮೂರನೇ ಟೇಕ್‌ಗೇ ಗೊತ್ತಾಗುತ್ತದೆ: ಮೂರು ದನಿ ಒಂದಾಗಿರುತ್ತವೆ, ನಾಲ್ಕನೆಯದು ಪಕ್ಕದಲ್ಲಿ ಬೇರೆಯೇ ನಿಂತಿರುತ್ತದೆ.

ರೆಕಾರ್ಡಿಂಗ್ ಮುಗಿದ ರಾತ್ರಿಯೇ, ರೈಲಿನಲ್ಲಿ ಕೂತಾಗಲೇ, ಒಂದು ಮೆಸೇಜ್ ಕಳಿಸಿ. ಹೀಗಿದ್ದರೆ ಸಾಕು: "ನಮಸ್ಕಾರ ಸರ್. ಇವತ್ತು ನಿಮ್ಮ ಚಿತ್ರದ ಎರಡನೇ ಹಾಡಿಗೆ ಕೋರಸ್ ಹಾಡಿದವರು ನಾವು ನಾಲ್ವರು. ಹೆಸರುಗಳು ಕೆಳಗಿವೆ, ಟೈಟಲ್‌ನಲ್ಲೂ ಆಡಿಯೋ ಬಿಡುಗಡೆಯ ವಿವರದಲ್ಲೂ ಇದೇ ಕಾಗುಣಿತದಲ್ಲಿ ಬರಲಿ ಎಂದು ಕೋರಿಕೆ. ಎರಡನೇ ಚರಣದ ಮುಂಚಿನ ಹಮ್ಮಿಂಗ್ ಸ್ಟುಡಿಯೋದಲ್ಲಿ ನಾವೇ ಕಟ್ಟಿದ್ದು. ಮಾತಾದಂತೆ ಮೂರು ದನಿ, ತಲಾ ನಾಲ್ಕು ಟ್ರ್ಯಾಕ್." ಹೆಸರುಗಳನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆಯಿರಿ, ಇಂಗ್ಲಿಷ್ ಕಾಗುಣಿತ ಪ್ಯಾನ್ ಕಾರ್ಡಿನಲ್ಲಿ ಇರುವ ಹಾಗೇ ಇರಲಿ, ಪ್ರತಿ ಹಾಡಿಗೂ ಅದನ್ನೇ ಕೊಡಿ. ಅವರಿಂದ "ಓಕೆ" ಎಂದು ಬಂದರೆ ಅದರ ಸ್ಕ್ರೀನ್‌ಶಾಟ್ ಆ ಹಾಡಿನ ಫೈಲ್‌ಗಳ ಜೊತೆಯೇ ಒಂದೇ ಫೋಲ್ಡರ್‌ನಲ್ಲಿ ಇಡಿ.